ಬಿಡಬ್ಯಾಡ

ಕಾಲಿನ ಹುಣ್ಣಿನ ಮೇಲೆ ನೊಣ ಕೂತಿದೆ, ನೊಣವೇನು, ಕಾಗೆಯಷ್ಟಿದೆ, ರೆಕ್ಕೆ ಬಡಿದರೆ ಕೊಟ್ಟಿಗೆಯ ಹೊಟ್ಟು ಹಾರುತ್ತದೆ, ಇನ್ನೊಂದು ತಿಂಗಳು ಮೇಯಿಸಿದರೆ ನೊಗ ಹೂಡಿ ತಳಕಲ್ಲಿನ ಹೊಲವನ್ನೆಲ್ಲ ಇದರಿಂದಲೇ ಉಳಬಹುದು — ಎಷ್ಟರ ಸುಳ್ಳು ಹೇಳ್ತೀಯೋ ಹುಲಿಗೆಪ್ಪ ಅಂತ ಅವ್ವ ನಗುತ್ತಿದ್ದಳು, ಕಟ್ಟೆಯ ಮೇಲೆ ನಾನು ಬಾಯಿ ತೆರೆದರೆ ಊರೆಲ್ಲ ನಗುತ್ತಿತ್ತು, ಗೋದಲಿ ಮಾತಾಡ್ತೈತಿ ಅಂದ ದಿನವೂ ನಕ್ಕರು, ಮಗ ಹೊಸಾದು ತಗದಾನ ನೋಡ್ರಿ ಅಂದರು, ಆದರೆ ಅದೊಂದು ಸುಳ್ಳಲ್ಲ, ದನ ಮೇವು ತಿನ್ನುವ ಆ ಕಲ್ಲು ನಿಜಕ್ಕೂ ಮಾತಾಡಿತು, ನಿಮ್ಮಣ್ಣ ನಿನ್ನ ಕಡೀತಾನ, ಮೊದಲ ನೀ ಕಡಿ ಅಂದಿತು, ಕುಡುಗೋಲು ಬೀಸಿದೆ, ಅಣ್ಣನ ಹೆಗಲು ಕಲ್ಲಂಗಡಿಯಂತೆ ಬಿರಿಯಿತು, ಕಾಲುವೆಗೆ ನೀರು ಬಿಟ್ಟಂತೆ ರಕ್ತ, ಆಮೇಲೆ ಯಾರೂ ನಗಲಿಲ್ಲ. ಅಣ್ಣನ ಹೆಸರು ಹುಚ್ಚೀರಪ್ಪ. ಹುಚ್ಚು ಅವನ ಹೆಸರಿನಲ್ಲಿ, ಸರಪಳಿ ನನ್ನ ಕಾಲಿನಲ್ಲಿ, ಎಂಥ ನ್ಯಾಯ! ಆ ಹೆಗಲಿಗೆ ಬಟ್ಟೆ ಕಟ್ಟಿಕೊಂಡೇ ಅವನು ನನ್ನನ್ನು ಬಸ್ಸಿಗೆ ತಳ್ಳಿ ಕೊಪ್ಪಳದ ಡಾಕ್ಟರ ಹತ್ತಿರ ಒಯ್ದ, ಗುಳಿಗೆ ಕೊಟ್ಟರು, ನುಂಗಿದೆ, ಗೋದಲಿಯ ಬಾಯಿ ಕಟ್ಟಿತು, ಕಳೆ ತೆಗೆದೆ, ರೊಟ್ಟಿ ತಿಂದೆ, ಮಲಗಿದರೆ ಬೆಳಗಾಗುತ್ತಿತ್ತು. ಗುಳಿಗೆ ತೀರಿದವು. ಹುಡುಗ ಛಲೋ ಆಗ್ಯಾನಲ್ಲ, ಇನ್ನ ಸಾಕು ಬಿಡ್ರಿ ಅಂದಳು ಅತ್ತಿಗೆ — ಸಾಕೇನ ಸಾಕು, ಅಂದ ಅಣ್ಣ, ಡಾಕ್ಟರು ಬಾಗಿಲ ತನಕ ಬಂದು ನನ್ನ ಕಿವಿಯಾಗ ಹೇಳ್ಯಾರ, ಬಿಡಬ್ಯಾಡ, ಒಂದ ದಿನಾನೂ ಬಿಡಬ್ಯಾಡ ಅಂತ. ಕಮ್ಮಾರ ಕಾಳಪ್ಪನನ್ನು ಕರೆಸಿ ಎತ್ತಿನ ಸರಪಳಿಗೆ ಕಡಗ ಸೇರಿಸಿ ನನ್ನ ಕಾಲಿಗೆ ಬಡಿಸಿದ, ಕಟ್ಟಿದ್ದು ಎಲ್ಲಿಗೆ, ಗೋದಲಿಗೆ! ಗುಳಿಗೆ ಇಲ್ಲ, ಅದು ಪಕ್ಕದಲ್ಲೇ, ಹಗಲೂ ರಾತ್ರಿ ಕಡಿ ಕಡಿ ಕಡಿ. ನಾನು ಅರಚಿದೆ, ದೆವ್ವ ಬಿಡಿಸಲು ಸುಂಕಲಮ್ಮನ ಪೂಜಾರಿ ಮಾರೆಪ್ಪ ಬಂದ, ಮೂಗಿಗೆ ಮೆಣಸಿನಕಾಯಿ ಹೊಗೆ, ಬೆನ್ನಿಗೆ ಬಾರುಕೋಲು, ಯಾರ ನೀ ಹೇಳು, ಹೇಳಲೇ, ಹೊಡೆತಕ್ಕೊಂದು ಹೆಸರು ಹೇಳಿದೆ, ಸತ್ತವರ ಹೆಸರು ಮುಗಿದವು, ಬದುಕಿದ್ದವರದು ಹೇಳಿದೆ, ಕೊನೆಗೆ ಮಾರೆಪ್ಪ ಅಂದೆ, ಅದಕ್ಕೆ ಬಿದ್ದ ಪೆಟ್ಟಿಗೆ ಹಾರಿದ ಹಲ್ಲು ಯಲಬುರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿರಬೇಕು.

ಹೊರಗೆ ಯಾರೋ ಓಡುತ್ತಿದ್ದಾರೆ, ಆಪರೇಷನ್ ಬಾಯಿ ಬಂದ್ಲು, ಗಂಡಸ್ರು ಓಡ್ರಲೇ — ಗಂಡಸರನ್ನು ಹಿಡಿದು ಮಕ್ಕಳಾಗದ ಆಪರೇಷನ್ ಮಾಡಿಸಿದ ಎಮರ್ಜೆನ್ಸಿ ಮುಗಿದು ಎಷ್ಟೋ ವರ್ಷವಾಯಿತು, ಈಗಲೂ ನರ್ಸ್ ಶಹನಾಜಬೇಗಂಳ ಛತ್ರಿ ಕಂಡರೆ ಊರಿನ ಗಂಡಸರು ಜೋಳದ ಹೊಲ ಸೇರುತ್ತಾರೆ, ನಾನೊಬ್ಬ ಓಡಲಾರೆ, ಅದಕ್ಕೇ ಸಿಕ್ಕೆ. ಮೂಗು ಮುಚ್ಚಿಕೊಂಡು ಬಗ್ಗಿದಳು. ಕಾಲಾಗ ಹುಳ ಬಿದ್ದಾವಲ್ಲೋ ಹುಚ್ಚೀರಪ್ಪ, ತಮ್ಮನ್ನ ಯಾಕ ಕಟ್ಟೀದಿ? ಡಾಕ್ಟರು ಹೇಳ್ಯಾರ್ರಿ ಬಾಯಾರ. ಏನಂತ? ಬಿಡಬ್ಯಾಡ ಅಂತ್ರಿ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು, ನಗಲಿಕ್ಕಲ್ಲ. ಯಾ ಅಲ್ಲಾ, ಗುಳಿಗಿ ಬಿಡಬ್ಯಾಡ ಅಂದಾರೋ, ತಮ್ಮನ್ನಲ್ಲ! ಅವರು ನನಗ ಹೇಳ್ಲಿಲ್ಲ, ನೀ ತಿರುಗಿ ಅವರನ್ನ ಕೇಳ್ಲಿಲ್ಲ, ನಡುವ ಇವನ ಕಾಲು ಕೊಳೀತು. ಅಣ್ಣ ಸಗಣಿಯಲ್ಲೇ ಕುಸಿದು ಕೂತ. ಅವಳು ಮಾರೆಪ್ಪನನ್ನೂ ಕರೆಸಿದಳು, ನಾನು ಬೆನ್ನು ಮುದುಡಿಕೊಂಡೆ, ಪೂಜಾರೆಪ್ಪ, ಇವ ದಿನಾ ಗುಡಿಗಿ ಬರ್ತಾನ, ಭಂಡಾರ ಹಚ್ಚಿ ನಿಮ್ಮ ಕೈಲೇ ಗುಳಿಗಿ ನುಂಗಸ್ರಿ, ತೀರೂದ್ರಾಗ ನಾ ಕೊಪ್ಪಳದಿಂದ ತರ್ತೀನಿ, ಬಾರುಕೋಲು ಎತ್ತಿಗಿರಲಿ ಅಂದಳು. ಗುಣಾ ಆದ್ರ ಹೆಸರು ಯಾರಿಗ್ರಿ ಬಾಯಾರ? ಸುಂಕಲಮ್ಮಗ. ಮಾರೆಪ್ಪ ಮೀಸೆ ತಿಕ್ಕಿದ. ಹಂಗಾರ ಆತ್ರಿ.

ಕಾಳಪ್ಪ ಉಳಿ ಸುತ್ತಿಗೆ ಹಿಡಿದು ಬಂದಿದ್ದಾನೆ, ಕಡಗ ಮಾಂಸದೊಳಗೆ ಹೂತಿದೆ, ಗೋದಲಿ ಚೀರುತ್ತಿದೆ, ಸುತ್ತಿಗಿ ಕಾಲಿಗಲ್ಲೋ, ತಲಿಗಿ, ಕಸಕೋ, ಹೊಡಿ — ಒದ್ದೆ, ಕಾಳಪ್ಪ ಅಂಗಾತ ಬಿದ್ದ, ಸುತ್ತಿಗೆ ನನ್ನ ಕೈಯಲ್ಲಿದೆ, ಎಲ್ಲರೂ ಹಿಂದೆ ಸರಿದರು, ಅಣ್ಣ ಮುಂದೆ ಬಂದ, ತಲೆ ಬಗ್ಗಿಸಿದ, ನೆತ್ತಿ ಎದುರಿಗೇ ಇದೆ, ಕುಂಬಳಕಾಯಿಯಷ್ಟು ದೊಡ್ಡದು, ಹೊಡಿ ಹೊಡಿ, ಅವನು ಮೇಲೆ ನೋಡಲೇ ಇಲ್ಲ, ಹುಳ ಸರಿಸಿ ಕಡಗದ ಕೆಳಗೆ ಎರಡು ಬೆರಳು ತುರುಕಿದ, ನನ್ನ ಜೀವ ಬಾಯಿಗೆ ಬಂತು, ಸುತ್ತಿಗಿ ಕಾಳಪ್ಪಗ ಕೊಡೋ ತಮ್ಮಾ, ಪೆಟ್ಟು ತಪ್ಪಿದ್ರ ನನ್ನ ಬೆರಳಿಗಿ ಬೀಳ್ತೈತಿ, ನಿನ್ನ ಕಾಲಿಗಿ ಬೀಳೂದಿಲ್ಲ. ಸುತ್ತಿಗೆ ಯಾವಾಗ ಕೈ ಜಾರಿತೋ, ಕಾಳಪ್ಪ ಎತ್ತಿದ, ಠಣ್, ಉಳಿ ಜಾರಿತು, ಬೆರಳಿನ ಉಗುರು ಎದ್ದು ಬಂತು, ರಕ್ತ, ಈ ಸಲ ಎಷ್ಟೆಂದು ಹೇಳಲು ಮಾತು ಬರುತ್ತಿಲ್ಲ, ಬೆರಳು ಅಲ್ಲೇ ಇದೆ, ಹೊಡಿಯೋ ಕಾಳಪ್ಪ ಅನ್ನುತ್ತಿದ್ದಾನೆ ಅಣ್ಣ, ಗೋದಲಿಯೂ ಏನೋ ಅನ್ನುತ್ತಿದೆ, ಏನದು, ಕೇಳಿಸುತ್ತಿಲ್ಲ — ಬೆರಳು. ಸುತ್ತಿಗೆ ಏಳುತ್ತದೆ. ಬೆರಳು ಅಲ್ಲೇ. ಕಬ್ಬಿಣ, ನನ್ನ ಮಾಂಸ, ನಡುವೆ ಅಣ್ಣನ ಬೆರಳು.