ಹೊಸ ಟೈರ್ ಹಿಂದಕ್ಕೆ

ಶಾಲಾ ವ್ಯಾನಿಗೆ ಎರಡು ಹೊಸ ಟೈರ್ ಬಂದವು. ನಮ್ಮ ಭಾವ ಅವನ್ನು ಮುಂದಿನ ಗಾಲಿಗಳಿಗೆ ಹಾಕಿಸಿ, ಅಂಗೈಯಷ್ಟು ನುಣ್ಣಗೆ ಸವೆದ ಹಳೆಯವನ್ನು ಹಿಂದೆ ಬಿಟ್ಟರು. ವ್ಯಾನು ಅವರದು, ಹನ್ನೊಂದು ವರ್ಷದಿಂದ ಓಡಿಸುವವಳು ನಾನು.

"ಭಾವ, ಹೊಸವನ್ನ ಹಿಂದಕ್ಕೆ ಹಾಕ್ಸಿ," ಎಂದೆ.

"ಸ್ಟೀರಿಂಗ್ ಇರೋದು ಮುಂದೆ ಕಣಮ್ಮ. ನಮ್ಮಪ್ಪನ ಕಾಲದಿಂದ ಹೊಸ ಟೈರ್ ಮುಂದಕ್ಕೇ. ಅಜ್ಜಿಗೆ ಕೆಮ್ಮು ಕಲಿಸ್ಬೇಡ."

ಮಾವನವರು ಮಾಡಿದ್ದೆಲ್ಲ ಸರಿಯಾಗಿದ್ದರೆ ನೀವು ಹೀಗಿರುತ್ತಿದ್ದಿರಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲಿ ಹಿಂಭಾಗ ಹಗುರಾಗುತ್ತದೆ. ಅಲ್ಲೇ ಸವೆದ ಟೈರಿದ್ದರೆ ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪಿ, ಬಾಲ ತಲೆಯನ್ನೇ ಹಿಂದಿಕ್ಕಲು ಹೊರಡುತ್ತದೆ. ಮುಂದಿನ ಗಾಲಿ ಜಾರಿದರೆ ಬ್ರೇಕ್ ಸ್ವಲ್ಪ ಸಡಿಲಿಸಿ ಸಂಭಾಳಿಸಬಹುದು. ಹಿಂದಿನದು ಜಾರಿದರೆ ಸ್ಟೀರಿಂಗ್ ಹಿಡಿದವಳು ಬರೀ ನೋಡುತ್ತಾ ಕೂರಬೇಕು. ಇದನ್ನೆಲ್ಲ ಬಿಡಿಸಿ ಹೇಳಿದೆ.

"ಓಡ್ಸೋಕಾಗ್ದಿದ್ರೆ ಕೀ ಇಟ್ಟು ಹೋಗು. ನಾಳೆ ಬೇರೆ ಡ್ರೈವರ್ ಬರ್ತಾನೆ."

ಈ ಕೆಲಸ ಬಿಟ್ಟರೆ ನನಗೆ ಬೇರೆ ದಿಕ್ಕಿಲ್ಲವೆಂದು ತಿಳಿದೇ ಹಾಗೆಂದರು. ಮೈಯೆಲ್ಲ ಉರಿದುಹೋಯಿತು.

"ಕೀ ಕೊಡ್ತೀನಿ. ಅದಕ್ಕೆ ಮುಂಚೆ ಒಂದ್ಸಲ ಕೊನೇ ಸೀಟಲ್ಲಿ ಕೂತ್ಕೊಳ್ಳಿ. ಬೆಲ್ಟ್ ಹಾಕ್ಕೊಳ್ಳಿ."

ಶೆಡ್ಡಿನ ಹಿಂದಿನ ಸಿಮೆಂಟ್ ಅಂಗಳ ಆಗಷ್ಟೇ ಗಾಡಿ ತೊಳೆದ ನೀರಿನಿಂದ ಒದ್ದೆಯಾಗಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಮೂವತ್ತರ ವೇಗದಲ್ಲಿ ತಿರುಗಿಸುತ್ತಾ ಬ್ರೇಕ್ ಒತ್ತಿದೆ. ಮುಂಭಾಗ ಕಚ್ಚಿಕೊಂಡಿತು. ಹಿಂಭಾಗ ಸರ್ರನೆ ಬೀಸಿಕೊಂಡು ಹೋಗಿ, ವ್ಯಾನು ನಾವು ಬಂದ ದಾರಿಗೇ ಮುಖ ಮಾಡಿ ನಿಂತಿತು.

ಭಾವ ಇಳಿದು ಬೆವರು ಒರೆಸಿಕೊಂಡರು.

"ನೀನು ಬೇಕಂತಲೇ ಜೋರಾಗಿ ಒತ್ತಿದೆ."

"ಅಡ್ಡ ನಾಯಿ ಬಂದ್ರೆ ಕೇಳ್ಕೊಂಡು ಒತ್ಲಾ?"

ಅವರು ಟೈರಿನ ಕಡೆ ನೋಡಲೂ ಇಲ್ಲ. ಹತ್ತು ಹೆಜ್ಜೆ ಹೋದವರು, ತಿರುಗದೇ ಹೇಳಿದರು:

"ನಾಳೆ ನಮ್ ಪುಟ್ಟಿನ ನಾನೇ ಸ್ಕೂಟರಲ್ಲಿ ಬಿಡ್ತೀನಿ. ನೀನು ಅವಳಿಗೆ ಕಾಯ್ಬೇಡ."

ಪುಟ್ಟಿ ಅವರ ಮಗಳು, ದಿನಾ ಇದೇ ವ್ಯಾನಿನಲ್ಲಿ ಹೋಗುವವಳು. ನನ್ನ ದನಿ ಹೊರಟಿತು, ಶೆಡ್ಡಿನ ತಗಡು ನಡುಗುವ ಹಾಗೆ.

"ಉಳಿದ ಹದಿನೇಳು ಮಕ್ಕಳನ್ನ ಯಾರು ಬಿಡ್ತಾರೆ ಭಾವ?"

ಅವರು ನಿಂತರು. ನಾನು ಕಾಯಲಿಲ್ಲ. ಜಾಕ್ ಎಳೆದುಕೊಂಡು, ಮುಂದಿನ ಗಾಲಿಯ ಪಕ್ಕ ಒದ್ದೆ ನೆಲದಲ್ಲೇ ಕೂತು, ಮೊದಲ ನಟ್ಟು ಸಡಿಲಿಸಿದೆ.