ಸಳಿಯ ಕೆಳಗೆ ಮುಕ್ಕಾಲು ಇಂಚು

ಪಾರಿಶ್ವಾಡದ ಗೌರವ್ವನಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಾಳೆ ಮುಂಜಾನೆ ಹೊಸ ಮನೆಗೆ ಸ್ಲ್ಯಾಬ್ ಹಾಕುವವರಿದ್ದಾರೆ. ಖಾನಾಪುರದಿಂದ ಮಿಕ್ಸರ್ ಬರುತ್ತದೆ, ಇಪ್ಪತ್ತು ಆಳು ಬರುತ್ತಾರೆ, ಅಷ್ಟೂ ಮಂದಿಗೆ ಹುಗ್ಗಿ ಊಟ ಆಗಬೇಕು. ಇನ್ನು ನಾಲ್ಕು ತಿಂಗಳಿಗೆ ಮಗಳು ಸಾಕ್ಷಿ ಚೊಚ್ಚಲ ಬಾಣಂತನಕ್ಕೆ ಬರುವವಳು. ಕೂಸಿನ ತೊಟ್ಟಿಲು ತೂಗಲು ಈ ಸ್ಲ್ಯಾಬಿಗೇ ಒಂದು ಕೊಂಡಿ ಹಾಕಿಸಬೇಕೆಂದು ಗೌರವ್ವ ಪಾಯಾ ತೆಗೆದ ದಿನವೇ ಹೇಳಿಟ್ಟಿದ್ದಳು.

ಅದೊಂದನ್ನು ಬಿಟ್ಟರೆ ಕಟ್ಟಡದ ವಿಷಯದಲ್ಲಿ ಅವಳು ಬಾಯಿ ಬಿಟ್ಟವಳಲ್ಲ. ಮನೆ ಕಟ್ಟುವ ಗೌಂಡಿ ಬಂಡೆಪ್ಪ ಪ್ಲಿಂತ್ ಅಂದರೂ ಹೂಂ, ಲಿಂಟಲ್ ಅಂದರೂ ಹೂಂ. ಸಂತೆಯಲ್ಲಿ ಒಂದು ಬದನೆಕಾಯಿಯನ್ನು ನಾಲ್ಕು ಸಲ ತಿರುವಿ ನೋಡುವ ಹೆಂಗಸು, ಮನೆ ಕಟ್ಟುವಾಗ ಮಾತ್ರ, ಕೇಳಿದರೆ ನಕ್ಕಾರು ಎಂದು ಸುಮ್ಮನಿದ್ದಳು. ಗಂಡ ಗುರುಪುತ್ರಪ್ಪನೂ ಅಷ್ಟೇ. ಆದರೆ ಅವನು ಎಲ್ಲ ಗೊತ್ತಿದ್ದವರ ಹಾಗೆ ಮೀಸೆ ತಿರುವುತ್ತಿದ್ದ.

ಮಧ್ಯಾಹ್ನ ರತ್ನಮಾಲಾ ಬಂದಳು. ಇದೇ ಊರಿನ ಮಗಳು; ಈಗ ಬೆಳಗಾವಿಯ ಆಟೋ ನಗರದಲ್ಲಿ, ಸ್ಲ್ಯಾಬ್ ಹಾಕುವಾಗ ಅಡಿಗೆ ಹೊಂದಿಸುವ ಸೆಂಟ್ರಿಂಗ್ ಪ್ಲೇಟು ಬಾಡಿಗೆಗೆ ಕೊಡುವ ಅಂಗಡಿ ನಡೆಸುತ್ತಾಳೆ. ಕಡಿಮೆ ಬಿದ್ದ ಪ್ಲೇಟು ಇಳಿಸಿ ಹೋಗಬೇಕಾದವಳು, ಒಮ್ಮೆ ನೋಡಿ ಬರುತ್ತೇನೆಂದು ಏಣಿ ಹತ್ತಿದಳು. ಮೇಲೆ ಕುಕ್ಕರಗಾಲಲ್ಲಿ ಕೂತು, ಕಬ್ಬಿಣದ ಸಳಿಯ ಕೆಳಗೆ ಬೆರಳು ತೂರಿಸಲು ನೋಡಿದಳು. ಬೆರಳು ಹೋಗಲಿಲ್ಲ.

"ಬಂಡೆಪ್ಪಾ, ಕವರ್ ಬ್ಲಾಕ್ ಎಲ್ಲಿ ಅದಾವು? ಸಳಿ ಪ್ಲೇಟಿಗೆ ಅಂಟಿ ಕುಂತಾವಲ್ಲ!"

ಬಂಡೆಪ್ಪ ತಲೆ ಕೆರೆದುಕೊಂಡ. "ಮೊನ್ನೆ ಒಂದ ಬುಟ್ಟಿ ತಂದ ಇಟ್ಟಿದ್ದೆರಿ. ಎಲ್ಲಿ ಹೋದ್ವೋ, ಸಿಗಲಿಲ್ಲ. ಸಳಿ ಕೆಳಗ ಅಲ್ಲಲ್ಲಿ ಖಡಿ ಕಲ್ಲ ಕೊಟ್ಟೇನ್ರಿ."

"ಆಳು ತುಳದ್ರ ಖಡಿ ಉರಳಿ ಹೋಗತಾವು. ಹಿಂಗ ಸ್ಲ್ಯಾಬ್ ಹಾಕಬಾರದು."

ಗುರುಪುತ್ರಪ್ಪನಿಗೆ ಸಿಟ್ಟು ಬಂತು. "ಏ ರತ್ನವ್ವಾ, ನಾಳೆ ಮಂದಿ ಬರೂದೈತಿ, ಈಗೇನ ತಗದಿ? ನಮ್ಮ ಹಳೇ ಮನಿಗೆ ಯಾವ ಕವರ್ ಬ್ಲಾಕ್ ಇತ್ತು? ಎಂಬತ್ತ ವರ್ಷ ನಿಂತೈತಿ."

"ಹಳೇ ಮನಿಗೆ ಸಳಿನೂ ಇಲ್ಲಲ್ರಿ ಕಾಕಾ, ಕಟಿಗಿ ತೊಲಿ ಅದಾವು. ಕಬ್ಬಿಣಾ ಹಾಕಿದ ಮ್ಯಾಲೆ ಅದಕ್ಕ ಜಂಗ, ತುಕ್ಕ ಹಿಡೀದಂಗ ನೋಡಬೇಕು. ಸಳಿ ಸುತ್ತ ಕಾಂಕ್ರೀಟ್ ಇರಬೇಕು, ಕೆಳಗೂ ಮುಕ್ಕಾಲ ಇಂಚರೆ ಇರಬೇಕು. ಅದಕ್ಕ ಕವರ್ ಅಂತಾರ. ಅದಿಲ್ಲಂದ್ರ ಗಾಳಿ, ನೀರಿನ ತಂಪು ಸಳಿಗೆ ಮುಟ್ಟತೈತಿ. ಜಂಗ ಹಿಡದ ಸಳಿ ಉಬ್ಬತೈತಿ, ಉಬ್ಬಿ ಕೆಳಗಿನ ಕಾಂಕ್ರೀಟ್ ಹಕ್ಕಳಿ ಎದ್ದ ಬೀಳತೈತಿ. ಇವತ್ತ ಅಲ್ಲ, ಹತ್ತ-ಹನ್ನೆರಡ ವರ್ಷಕ್ಕ. ಆವಾಗ ಕೆಳಗ ಯಾರ ಮಲಗಿರ್ತಾರೋ!"

ಏಣಿಯ ಬುಡದಲ್ಲಿದ್ದ ಗೌರವ್ವ ಒಂದು ಮೆಟ್ಟಿಲು ಮೇಲೆ ಹತ್ತಿದಳು. "ಆ ಬ್ಲಾಕ್ ಹೆಂಗ ಇರ್ತಾವ?" ಎಂದಳು. ಕೇಳಿದ್ದು ಇದೇ ಮೊದಲು.

"ಸಿಮಿಟಿನ ಸಣ್ಣ ಚೌಕ ತುಂಡ ಕಾಕೂ. ಸಳಿ ಕೆಳಗ ಇಟ್ರ ಅದು ಎತ್ತರ ನಿಲ್ಲತೈತಿ."

ಗೌರವ್ವನಿಗೆ ಬಂಡೆಪ್ಪ ಹೇಳಿದ ಬುಟ್ಟಿ ನೆನಪಾಯಿತು. ಉಳಿದ ಚೂರುಪಾರು ಎಂದುಕೊಂಡು ಆ ಬುಟ್ಟಿ ಎತ್ತಿದವಳು ಅವಳೇ. ಹಳೆಮನೆಯಲ್ಲಿ ಜೋಳದ ಚೀಲಕ್ಕೆ ನೆಲದ ತಂಪು ತಾಗದಿರಲೆಂದು ಹಲಗೆಯ ಕೆಳಗೆ ಸಾಲಾಗಿ ಕೊಟ್ಟಿದ್ದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಂಡ ಬೈದಾನು, ಬಂಡೆಪ್ಪ ನಕ್ಕಾನು. ಆದರೆ ಕಣ್ಣು ಪ್ಲೇಟಿನ ಸಂದಿಯಿಂದ ಇಳಿಬಿದ್ದ ತೊಟ್ಟಿಲಿನ ಕೊಂಡಿಯ ಮೇಲೆ ಹೋಯಿತು.

"ನಾನ ಒಯ್ದೇನಿ. ಜೋಳದ ಚೀಲದ ಕೆಳಗ ಅದಾವು."

ಬಂಡೆಪ್ಪ ನಗಲಿಲ್ಲ. "ತಪ್ಪ ನಂದೂ ಐತ್ರಿ ಅಕ್ಕಾರ. ಕೇಳಬೇಕಿತ್ತು, ಮಂದಿ ಹೇಳಿ ಆಗೈತಂತ ಹಂಗ ಮುಂದ ಹೋದೆ" ಎಂದ.

ಗುರುಪುತ್ರಪ್ಪ ಇನ್ನೂ ಗೊಣಗುತ್ತಿದ್ದ. "ಮುಕ್ಕಾಲ ಇಂಚಿಗೆ ಇಷ್ಟ ಗದ್ದಲಾ?"

ಗೌರವ್ವ ಗಂಡನತ್ತ ತಿರುಗಿದಳು. "ನನ್ನ ಜೋಳಕ್ಕ ತಂಪ ಹತ್ತಬಾರದಂತ ನಾ ಕಾಳಜಿ ಮಾಡೀನಿ. ಮಗಳ ಕೂಸಿಗೆ ಮಾಡಬಾರದ? ತುಂಡ ಹಾಕೂಮಟಾ ಒಂದ ಬುಟ್ಟಿ ಕಾಂಕ್ರೀಟ್ ಬೀಳಗೊಡೂದಿಲ್ಲ."

ಗುರುಪುತ್ರಪ್ಪ ಹಳೆಮನೆಗೆ ನಡೆದ. ತಾನೇ ಜೋಳದ ಚೀಲ ಎತ್ತಿ ತುಂಡುಗಳನ್ನು ತಂದ. ಕಡಿಮೆ ಬಿದ್ದ ತುಂಡುಗಳನ್ನು ಖಾನಾಪುರದಿಂದ ತರಿಸಿದರು. ಬಂಡೆಪ್ಪ ಸಳಿ ಎತ್ತುತ್ತಾ ಹೋದ, ರತ್ನಮಾಲಾ ಹೆಜ್ಜೆಗೊಂದು ತುಂಡು ತಳ್ಳುತ್ತಾ ಹೋದಳು. ಗೌರವ್ವನ ಬಾಯಿಗೆ ಈಗ ಲಗಾಮಿಲ್ಲ. ಎರಡು ಸಳಿ ಒಂದರ ಮೇಲೊಂದು ಯಾಕೆ ಬಂದಿವೆ? ಅದು ಲ್ಯಾಪ್, ಜೋಡಣೆ ಗಟ್ಟಿಯಾಗಲಿಕ್ಕೆ, ಎಂಟು ಎಂ.ಎಂ. ಸಳಿಗೆ ಒಂದೂವರೆ ಅಡಿ ಬೇಕು. ಕ್ಯೂರಿಂಗ್ ಅಂದರೆ? ಹಾಕಿದ ಸ್ಲ್ಯಾಬು ಹತ್ತು-ಹದಿನಾಲ್ಕು ದಿನ ಒಣಗದಂತೆ ನೀರು ನಿಲ್ಲಿಸುವುದು. ಸಂಜೆಗೊಮ್ಮೆ ಚಿಮುಕಿಸಿದರೆ ಸಾಲದು. ಬಂಡೆಪ್ಪ ಬೇಸರವಿಲ್ಲದೆ ಹೇಳಿದ. ಇಷ್ಟು ವರ್ಷದಲ್ಲಿ ಮನೆಯವರು ಯಾರೂ ಇದನ್ನೆಲ್ಲ ಕೇಳಿರಲಿಲ್ಲವಂತೆ.

ದೀಪ ಹಚ್ಚುವ ಹೊತ್ತಿಗೆ ಗುರುಪುತ್ರಪ್ಪ ಏಣಿ ಹತ್ತಿ, ಸಳಿಯ ಕೆಳಗೆ ಬೆರಳು ತೂರಿಸಿ ನೋಡಿದ. ಬೆರಳು ಹೋಯಿತು. "ನಾಳೆ ಹಾಕೂಣು" ಎಂದ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಮನೆ ಕಟ್ಟಿಸುತ್ತಿದ್ದರೆ ಸ್ಲ್ಯಾಬಿನ ಹಿಂದಿನ ದಿನ ಗೌಂಡಿಯನ್ನೋ ಎಂಜಿನಿಯರನ್ನೋ ಜೊತೆಗೆ ಕರೆದುಕೊಂಡು ಏಣಿ ಹತ್ತಿ. ಕವರ್ ಎಲ್ಲಿದೆ, ಲ್ಯಾಪ್ ಎಷ್ಟಿದೆ, ಕ್ಯೂರಿಂಗ್ ಎಷ್ಟು ದಿನ ಎಂದು ಕೇಳಿ. ತಿಳಿಯದ ಮಾತಿಗೆ ಹೂಂ ಅನ್ನಬೇಡಿ. ಕಾಂಕ್ರೀಟ್ ಬಿದ್ದ ಮೇಲೆ ಒಳಗೆ ಏನಿದೆ, ಏನಿಲ್ಲ ಎಂದು ಯಾರಿಗೂ ಕಾಣುವುದಿಲ್ಲ. ಅದರ ಕೆಳಗೆ ಮಲಗುವವರು ನಿಮ್ಮ ಮಕ್ಕಳು.