ಹಸಿರು ಅತ್ತೆ

ಅಳಿಯಂದಿರು ಚಿತ್ರಕಲೆ ಕ್ಲಾಸಿಗೆ ಸೇರಿದ್ದೇ ಸೇರಿದ್ದು, ನನ್ನ ಗ್ರಹಚಾರ ಕೆಟ್ಟಿತು. ಬೆಳಗಿನಿಂದ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಬರೆದದ್ದೇ ಬರೆದದ್ದು. ಕತ್ತು ಮರಗಟ್ಟಿ, ಎದ್ದು ಹೋಗಿ ನೋಡಿದರೆ ಚಿತ್ರದಲ್ಲಿ ನನ್ನ ಮುಖವೆಲ್ಲ ಹಸಿರು!

"ಏನ್ರೀ ಅಳಿಯಂದ್ರೇ, ನಾನೇನು ಪಾಚಿ ಕಟ್ಟಿದ ತೊಟ್ಟಿನಾ?"

"ಹಾಗಲ್ಲ ಅತ್ತೆ, ಚರ್ಮಕ್ಕೆ ಮೊದಲು ಹಸಿರು ಹಚ್ಚಬೇಕಂತೆ. ಅದರ ಮೇಲೆ ತೆಳ್ಳಗೆ ಕೆಂಪು ಬಿದ್ದರೆ ಮುಖಕ್ಕೆ ಜೀವ ಬರುತ್ತಂತೆ. ಹಸಿರಿಗೆ ಕೆಂಪು ಎದುರು ಬಣ್ಣ."

"ಮತ್ತೆ ಕೆಂಪು ಎಲ್ಲಿ?"

"ಕಂಡದ್ದನ್ನೇ ಬರೀಬೇಕು ಅಂತಾರೆ ನಮ್ಮ ಮೇಷ್ಟ್ರು. ನಾನೂ ಆಗಿನಿಂದ ಕಾಯ್ತಿದ್ದೀನಿ, ನಿಮ್ಮ ಮುಖದಲ್ಲಿ ಕೆಂಪೇ ಕಾಣ್ತಿಲ್ಲ."

ಮೈಯೆಲ್ಲ ಉರಿದುಹೋಯಿತು. ಅಳಿಯ ಅನ್ನೋ ಮರ್ಯಾದೆ ಬದಿಗಿಟ್ಟು ಜನ್ಮ ಜಾಲಾಡಿದೆ. ಪುಣ್ಯಾತ್ಮ ತಟ್ಟನೆ ಕುಂಚ ಎತ್ತಿಕೊಂಡು ನನ್ನನ್ನೇ ನೋಡುತ್ತಾ ಬಳಿಯತೊಡಗಿದ.

ನಾನು ಸುಸ್ತಾಗಿ ಸುಮ್ಮನಾದೆ.

"ಅಯ್ಯೋ, ನಿಲ್ಲಿಸಬೇಡಿ ಅತ್ತೆ, ಇನ್ನೊಂದು ಕೆನ್ನೆ ಬಾಕಿ ಇದೆ!"